ಉಪ್ಪುಗಾಳಿಗೆ ಜಗ್ಗದ ಹಳೆ ಸೈಕಲ್ಲುಗಳು

ಕಬ್ಬಿಣದ ಪಾಲಿಗೆ ಕುಮಟಾದಿಂದ ಭಟ್ಕಳದವರೆಗಿನ ಕರಾವಳಿಯಷ್ಟು ಕೆಟ್ಟ ಜಾಗ ಇನ್ನೊಂದು ಇರಲಿಕ್ಕಿಲ್ಲ. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಸುರಿಯುವ ಮಳೆ, ಮಳೆ ಹಿಂದೆಗೆದ ಮೇಲೂ ಬಿಡದ ತೇವ, ಅದರ ಮೇಲೆ ಕಡಲಿನಿಂದ ಬೀಸುವ ಉಪ್ಪುಗಾಳಿ. ಹೊಸದಾಗಿ ಹಾಕಿಸಿದ ಗೇಟು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕೀಲಿನ ಹತ್ತಿರ ಕೆಂಪಾಗುತ್ತದೆ. ಅಂಥ ಸೀಮೆಯಲ್ಲಿ ಅರವತ್ತು ಎಪ್ಪತ್ತು ವರ್ಷ ಹಿಂದಿನ ಉಕ್ಕಿನ ಸೈಕಲ್ಲುಗಳು ಇನ್ನೂ ಇವೆ. ಕೆಲವು ಕೊಟ್ಟಿಗೆಯ ಮಾಡಿನ ಕೆಳಗೆ ಸೌದೆಗೆ ಒರಗಿಕೊಂಡಿವೆ. ಕೆಲವು ಇವತ್ತಿಗೂ ದಿನಾ ಬೆಳಿಗ್ಗೆ ಹಾಲಿನ ಡೇರಿಗೆ ಹೋಗಿ ಬರುತ್ತವೆ.

ಈಚೆಗೆ ಇವುಗಳಿಗೆ ಬೆಲೆ ಬಂದಿದೆ. ಹೋಂಸ್ಟೇಯವರಿಗೆ ಅಂಗಳದಲ್ಲಿ ನಿಲ್ಲಿಸಲು ಒಂದು ಬೇಕು, ಬೆಂಗಳೂರಿನ ಸಂಗ್ರಾಹಕರಿಗೆ ಗೋಡೆಗೆ ತೂಗಲು ಒಂದು ಬೇಕು. ಕೇಳುವವರು ಹೆಚ್ಚಿದಂತೆ ಕಥೆಗಳೂ ಹೆಚ್ಚಿವೆ. ಮಾರುವವರ ಬಾಯಲ್ಲಿ ಎಲ್ಲ ಸೈಕಲ್ಲುಗಳೂ ಬ್ರಿಟಿಷರ ಕಾಲದವು, ಎಲ್ಲವೂ ಇಂಗ್ಲೆಂಡಿನ ರ್‍ಯಾಲಿ. ಇನ್ನೊಂದು ಕಡೆ ಬೆಂಗಳೂರು, ಪುಣೆ, ದುಬೈ ಕಂಡುಬಂದ ಹುಡುಗರು ಹಳೆಯ ಅಲ್ಯೂಮಿನಿಯಂ ರೇಸ್ ಸೈಕಲ್ಲುಗಳ ಹಿಂದೆ ಬಿದ್ದಿದ್ದಾರೆ. ಎರಡನ್ನೂ ಗುರುತಿಸುವ ದಾರಿ ಒಂದೇ. ಸೈಕಲ್ಲಿನ ವಯಸ್ಸನ್ನು ಅದರ ಬಣ್ಣದಲ್ಲಿ ಹುಡುಕಿ ಪ್ರಯೋಜನವಿಲ್ಲ, ಬಿಡಿಭಾಗಗಳನ್ನು ಒಂದೊಂದಾಗಿ ವಿಚಾರಿಸಬೇಕು. ಹಾಗೆ ವಿಚಾರಿಸಿದಾಗ ಮೊದಲು ತಿಳಿಯುವ ಸಂಗತಿ ಎಂದರೆ, ನಮ್ಮ ಕರಾವಳಿಯ ಯಾವ ಹಳೆ ಸೈಕಲ್ಲಿಗೂ ಒಂದೇ ವಯಸ್ಸಿಲ್ಲ. ಚೌಕಟ್ಟು ಒಂದು ದಶಕದ್ದು, ಹಿಂದಿನ ಚಕ್ರ ಇನ್ನೊಂದು ದಶಕದ್ದು, ಸೀಟು ಮೊನ್ನೆಯದು. ಇದನ್ನು ದೋಷ ಎನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ.

ಇವು ಎಲ್ಲಿಂದ ಬಂದವು ಎಂಬುದಕ್ಕೆ ಜಿಲ್ಲೆಯ ಚರಿತ್ರೆಯನ್ನೇ ಸ್ವಲ್ಪ ನೋಡಬೇಕು. ಉತ್ತರ ಕನ್ನಡ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿ 1956ರವರೆಗೆ ಆ ಆಡಳಿತದಲ್ಲೇ ಇತ್ತು. ಕುಮಟಾ, ಭಟ್ಕಳ ಎರಡೂ ಬಂದರು ಊರುಗಳು. ಘಟ್ಟದ ಮೇಲಿನ ಹತ್ತಿ ಗಾಡಿಯಲ್ಲಿ ಕುಮಟಾಕ್ಕೆ ಇಳಿದು ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿತ್ತು. ಓದು, ನೌಕರಿ, ವ್ಯಾಪಾರ ಯಾವುದಕ್ಕಾದರೂ ಇಲ್ಲಿನವರು ಮುಖ ಮಾಡುತ್ತಿದ್ದುದು ಆ ಕಡೆಗೇ. ಹಾಗಾಗಿ ಇಲ್ಲಿನ ತೀರ ಹಳೆಯ ಸೈಕಲ್ಲು ಸಿಕ್ಕರೆ ಚೌಕಟ್ಟಿನ ಮೇಲೋ ಮಡ್‌ಗಾರ್ಡಿನ ಮೇಲೋ ಮುಂಬಯಿ ಅಂಗಡಿಯ ಹೆಸರಿನ ಗುರುತು ಉಳಿದಿದೆಯೇ ಎಂದು ನೋಡುವುದು ಒಳ್ಳೆಯದು. ಮದ್ರಾಸಿನ ಕಾರ್ಖಾನೆಯ ಮಾಲು ಈ ಕಡೆ ಹೆಚ್ಚು ಬಂದದ್ದು ಆಮೇಲೆ.

ಬಂದ ಸೈಕಲ್ಲಿಗೆ ಇಲ್ಲಿ ಸುಖ ಇರಲಿಲ್ಲ. ಅಘನಾಶಿನಿ, ಶರಾವತಿ, ವೆಂಕಟಾಪುರ ಹೊಳೆಗಳು ಕರಾವಳಿಯನ್ನು ತುಂಡು ತುಂಡು ಮಾಡಿವೆ. ಸೇತುವೆ ಬರುವ ಮೊದಲು ಸೈಕಲ್ಲು ತಾರಿಯ ದೋಣಿ ಹತ್ತಿಯೇ ಆಚೆ ದಡ ಕಾಣಬೇಕಿತ್ತು. ಅಘನಾಶಿನಿ ಊರಿಂದ ತದಡಿಗೆ ಇಂದಿಗೂ ಬೈಕು, ಸೈಕಲ್ಲು ಏರಿಸಿಕೊಂಡು ತಾರಿ ದಾಟುವುದುಂಟು. ಅಳಿವೆಯ ಹತ್ತಿರದ ಹೊಳೆಯ ನೀರು ಉಪ್ಪು ನೀರೇ. ದೋಣಿಯ ಅಡಿಯಲ್ಲಿ ನಿಂತ ಆ ನೀರಿನಲ್ಲಿ ಅರ್ಧ ಗಂಟೆ ಮುಳುಗಿದ ಹಿಂದಿನ ರಿಮ್ಮು ಏನಾಗುತ್ತದೆ ಎಂಬುದನ್ನು ಇಲ್ಲಿನ ರಿಪೇರಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮತ್ತೆ ಇಷ್ಟು ವರ್ಷ ಅವು ಉಳಿದದ್ದು ಹೇಗೆ? ಆ ಕಾಲದ ದಿನಬಳಕೆಯ ಸೈಕಲ್ಲಿನ ಕೊಳವೆಗಳು ದಪ್ಪ ಗೋಡೆಯವು. ಇಡೀ ಸೈಕಲ್ಲು ಇಪ್ಪತ್ತು ಕಿಲೋದ ಆಸುಪಾಸು ತೂಗುತ್ತಿತ್ತು. ತುಕ್ಕು ತಿನ್ನುತ್ತಿದ್ದರೂ ತಿಂದು ಮುಗಿಸಲು ಬಹಳ ವರ್ಷ ಬೇಕು. ಕಪ್ಪು ಬಣ್ಣವನ್ನು ಒಲೆಯಲ್ಲಿ ಬೇಯಿಸಿ ಕೂರಿಸುತ್ತಿದ್ದರು. ಎರಡನೇ ಮಹಾಯುದ್ಧದ ನಂತರ ರ್‍ಯಾಲಿಯವರು ಬಣ್ಣದ ಕೆಳಗೆ ಫಾಸ್ಫೇಟ್ ಲೇಪವನ್ನೂ ಕೊಡತೊಡಗಿದರು. ಚೈನನ್ನು ಪೂರ್ತಿ ಮುಚ್ಚುವ ಗೇರ್ ಕೇಸ್ ಇದ್ದ ಸೈಕಲ್ಲುಗಳಲ್ಲಂತೂ ಚೈನು ಎಣ್ಣೆಯಲ್ಲೇ ಓಡುತ್ತಿತ್ತು, ಉಪ್ಪಿಗೆ ಒಳಹೋಗಲು ದಾರಿಯೇ ಇರಲಿಲ್ಲ. ಎಲ್ಲಕ್ಕಿಂತ ದೊಡ್ಡ ಕಾರಣ ಮನೆಯವರು. ಸೈಕಲ್ಲು ಎಂದರೆ ಮನೆಯ ಆಸ್ತಿಯಾಗಿದ್ದ ಕಾಲದಲ್ಲಿ ಮಳೆಯಲ್ಲಿ ಹೋಗಿಬಂದವರು ತಮ್ಮ ತಲೆ ಒರೆಸಿಕೊಳ್ಳುವ ಮೊದಲು ಅದರ ಮೈ ಒರೆಸುತ್ತಿದ್ದರು.

ಮೀನು ಮಾರುವವರ ಸೈಕಲ್ಲಿನ ಗತಿ ಬೇರೆ. ಬುಟ್ಟಿಯಿಂದ ಸೋರುವ ಉಪ್ಪು ನೀರು ಕ್ಯಾರಿಯರ್ ದಾಟಿ ಹಿಂದಿನ ಆಕ್ಸೆಲಿನ ಮೇಲೆ, ಫ್ರೀವೀಲಿನ ಮೇಲೆ, ಚೈನಿನ ಪಕ್ಕದ ಕೊಳವೆಗಳ ಮೇಲೆ ಇಳಿಯುತ್ತದೆ. ಅಂಥ ಸೈಕಲ್ಲು ಕೊಳ್ಳುವಾಗ ಮುಂಭಾಗ ಎಷ್ಟೇ ಚೆಂದ ಇರಲಿ, ಮಗುಚಿ ಹಾಕಿ ಹಿಂದಿನ ಕವಲನ್ನು ಉಗುರಿನಿಂದ ಕೆರೆದು ನೋಡಿ. ಬಣ್ಣದ ಕೆಳಗೆ ಉಬ್ಬು ಸಿಕ್ಕರೆ ಅಲ್ಲಿ ಕಬ್ಬಿಣ ಹೋಗಿಯಾಗಿದೆ.

ಇನ್ನು ಗುರುತಿನ ವಿಷಯ. ಪೆಡಲ್ ಕೂತಿರುವ ಚೈನ್ ವೀಲಿನಿಂದ ಶುರುಮಾಡಬಹುದು. ಆ ಕಾಲದ ಇಂಗ್ಲಿಷ್ ಕಂಪನಿಗಳು ತಮ್ಮ ರುಜುವನ್ನು ಅಲ್ಲೇ ಉಕ್ಕಿನಲ್ಲಿ ಕೊರೆಯುತ್ತಿದ್ದವು. ಬಕ ಪಕ್ಷಿಯ ತಲೆ ಕಂಡರೆ ರ್‍ಯಾಲಿ. ಕೈಕಾಲು ಚಾಚಿದ ಐದು ಮನುಷ್ಯಾಕೃತಿಗಳಿದ್ದರೆ ಹಂಬರ್. ಅಂಗೈ ಕಂಡರೆ ರಡ್ಜ್. ಬಿ, ಎಸ್, ಎ ಮೂರು ಅಕ್ಷರಗಳಿದ್ದರೆ ಹೇಳುವುದೇ ಬೇಡ. ಬಂದೂಕು ಮಾಡುತ್ತಿದ್ದ ಬರ್ಮಿಂಗ್‌ಹ್ಯಾಮಿನ ಆ ಕಂಪನಿಯ ಬ್ಯಾಡ್ಜಿನ ಮೇಲೆ ಮೂರು ಬಂದೂಕುಗಳನ್ನು ಗೂಡು ಕಟ್ಟಿ ನಿಲ್ಲಿಸಿದ ಚಿತ್ರವೂ ಇರುತ್ತದೆ. ಆದರೆ ಚೈನ್ ವೀಲ್ ಬದಲಾಯಿಸುವುದು ಅರ್ಧ ಗಂಟೆಯ ಕೆಲಸ. ಅದಕ್ಕೆ ಬದಲಾಯಿಸಲು ಕಷ್ಟವಾದದ್ದನ್ನೂ ನೋಡಬೇಕು. ಹಂಬರ್ ಆದರೆ ಮುಂದಿನ ಫೋರ್ಕಿನ ಪ್ರತಿ ಕಾಲೂ ಎರಡೆರಡು ಸಪೂರ ಕೊಳವೆಗಳ ಜೋಡಿ. ರ್‍ಯಾಲಿ ಆದರೆ ಫೋರ್ಕಿನ ಎರಡೂ ಕಾಲುಗಳ ನೆತ್ತಿಯಲ್ಲಿ ದುಂಡನೆಯ ಉಕ್ಕಿನ ಟೊಪ್ಪಿ. ಹಂಬರ್ ಸೈಕಲ್ಲು 1932ರಲ್ಲಿ, ರಡ್ಜ್ 1943ರಲ್ಲಿ, ಬಿಎಸ್‌ಎ ಸೈಕಲ್ಲು 1957ರಲ್ಲಿ ರ್‍ಯಾಲಿಯ ಕೈಸೇರಿದವು. ಆದ್ದರಿಂದ ಈ ಹೆಸರುಗಳ ನಡುವಿನ ಗೋಡೆ ನಾವು ಅಂದುಕೊಂಡಷ್ಟು ಗಟ್ಟಿಯಲ್ಲ; ಹಂಬರ್ ಹೆಸರಿನ ಸೈಕಲ್ಲಿನಲ್ಲಿ ರ್‍ಯಾಲಿಯ ಭಾಗ ಸಿಕ್ಕಿದ ಮಾತ್ರಕ್ಕೆ ಅದು ಮೋಸ ಎಂದು ತೀರ್ಮಾನಿಸಬೇಕಾಗಿಲ್ಲ.

ಹ್ಯಾಂಡಲಿನ ಕೆಳಗಿನ ಬ್ಯಾಡ್ಜ್ ಎಲ್ಲರ ಕಣ್ಣಿಗೂ ಬೀಳುವಂಥದ್ದು, ಹಾಗಾಗಿಯೇ ಎಲ್ಲಕ್ಕಿಂತ ಹೆಚ್ಚು ನಕಲಾದದ್ದೂ ಅದೇ. ಹಳೆಯದು ಹಿತ್ತಾಳೆಯದೋ ಬೇರೆ ಲೋಹದ್ದೋ ತಗಡು. ಚೌಕಟ್ಟಿನ ಬಾಗಿಗೆ ಸರಿಯಾಗಿ ಬಾಗಿಸಿ ಎರಡು ಸಣ್ಣ ಮೊಳೆಯಿಂದ ಕೂರಿಸಿರುತ್ತಾರೆ. ಮೊಳೆಯ ತಲೆಯ ಸುತ್ತ ಹಳೆಯ ಬಣ್ಣ, ಕೊಳೆ, ಹಸಿರು ಕಿಲುಬು ಸೇರಿಕೊಂಡಿದ್ದರೆ ನಂಬಬಹುದು. ಮೊಳೆ ಮಿರಿಮಿರಿ ಮಿಂಚಿದರೆ ಎರಡನೇ ಸಲ ಯೋಚಿಸಿ. ಬ್ಯಾಡ್ಜನ್ನು ದೇವರ ಸಾಮಾನು ತಿಕ್ಕಿದ ಹಾಗೆ ಹುಣಸೆಹುಳಿಯಿಂದ ತಿಕ್ಕುವ ಪುಣ್ಯಾತ್ಮರಿದ್ದಾರೆ. ಹಿತ್ತಾಳೆ ಹೊಳೆಯುತ್ತದೆ ನಿಜ, ಆದರೆ ಅದರ ಕೆತ್ತನೆಯೊಳಗೆ ತುಂಬಿದ್ದ ಕೆಂಪು, ಕಪ್ಪು ಬಣ್ಣ ತೊಳೆದುಹೋಗುತ್ತದೆ. ಬಣ್ಣ ಹೋದ ಬ್ಯಾಡ್ಜಿಗೆ ಬೆಲೆಯೂ ಕಡಿಮೆ.

ವಯಸ್ಸಿನ ವಿಷಯದಲ್ಲಿ ಸುಳ್ಳು ಹೇಳಲಾರದ ಭಾಗ ಒಂದಿದೆ. ಮೂರು ಗೇರಿನ ಹಬ್. ಇಲ್ಲಿ ಅದು ಅಪರೂಪ, ಆದರೆ ಇದ್ದಲ್ಲಿ ಬಿಡಬಾರದು. ನಾಟಿಂಗ್‌ಹ್ಯಾಮಿನ ಸ್ಟರ್ಮಿ-ಆರ್ಚರ್ ಕಂಪನಿ 1902ರಿಂದ ಗೇರು ಹಬ್ಬಿನೊಳಗೇ ಅಡಗಿದ ಈ ಜಾತಿಯನ್ನು ಮಾಡುತ್ತ ಬಂತು. ಹಿಂದಿನ ಚಕ್ರದ ನಡುವಿನ ಆ ದಪ್ಪ ಉರುಳೆಯ ಮೇಲೆ ವರ್ಷಗಟ್ಟಲೆ ಕೂತ ಗ್ರೀಸು, ಕೆಂಪು ಧೂಳು ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಸೀಮೆಎಣ್ಣೆ ಅದ್ದಿದ ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿದರೆ ಕಂಪನಿಯ ಹೆಸರು ಮೂಡುತ್ತದೆ, ಅದರ ಪಕ್ಕದಲ್ಲೇ ಎ, ಡಬ್ಲ್ಯೂ ಎಂಬ ಎರಡು ಅಕ್ಷರ, ಆಮೇಲೆ ಸಣ್ಣ ಅಂಕಿಗಳು. 62 ಎಂದೂ ಅದರ ಜೊತೆ 3 ಎಂದೂ ಇದ್ದರೆ ಆ ಹಬ್ ತಯಾರಾದದ್ದು 1962ರ ಮಾರ್ಚ್ ತಿಂಗಳಲ್ಲಿ. ಚೌಕಟ್ಟು ಅದಕ್ಕಿಂತ ಕೆಲವು ತಿಂಗಳು ಈಚಿನದಿರಬಹುದು, ಅಥವಾ ಚಕ್ರವನ್ನೇ ಯಾರೋ ಬೇರೆ ಸೈಕಲ್ಲಿನಿಂದ ತಂದು ಹಾಕಿರಬಹುದು. ಏನೇ ಆದರೂ 'ಇದು ಪೂರ್ತಿ ನಲವತ್ತೇಳಕ್ಕಿಂತ ಮೊದಲಿನದು' ಎಂಬ ಕಥೆ ಅಲ್ಲಿಗೆ ನಿಲ್ಲುತ್ತದೆ.

ಗೇರಿಲ್ಲದ ಸಾಮಾನ್ಯ ಸೈಕಲ್ಲಿನಲ್ಲಿ ಇಂಥ ತಾರೀಕು ಸಿಗುವುದಿಲ್ಲ. ಅಲ್ಲಿ ರಿಪೇರಿಯವರ ಅನುಭವವೇ ಆಧಾರ. ರ್‍ಯಾಲಿ ಕಂಪನಿ ಪೆಡಲಿನ ಗುಂಭದ ಬಟ್ಟಲಿಗೂ ಹ್ಯಾಂಡಲಿನ ಬಟ್ಟಲಿಗೂ ತನ್ನದೇ ಥ್ರೆಡ್ ಇಟ್ಟಿತ್ತು: ಇಂಚಿಗೆ 26. ಉಳಿದ ಬ್ರಿಟಿಷ್ ಸೈಕಲ್ಲುಗಳದ್ದು 24. ಪೇಟೆಯಲ್ಲಿ ಸಿಕ್ಕ ಬಟ್ಟಲು ಎರಡು ಸುತ್ತು ತಿರುಗಿ ಅಲ್ಲೇ ಕಚ್ಚಿಕೊಂಡರೆ ಅದು ಬಟ್ಟಲಿನ ತಪ್ಪಲ್ಲ. ಬಲವಂತ ಮಾಡಿ ತಿರುಗಿಸಿ ಒಳಗಿನ ಥ್ರೆಡ್ಡನ್ನೇ ಹಾಳುಮಾಡಿದ ಎಷ್ಟೋ ರ್‍ಯಾಲಿಗಳು ಗುಜರಿ ಸೇರಿವೆ.

ಸ್ವಾತಂತ್ರ್ಯದ ನಂತರ ಲೆಕ್ಕ ಸುಲಭ, ಯಾಕೆಂದರೆ ನಮ್ಮ ಕಾರ್ಖಾನೆಗಳು ಶುರುವಾದ ವರ್ಷಗಳೇ ಅಳತೆಗೋಲು. ಮದ್ರಾಸಿನ ಅಂಬತ್ತೂರಿನ ಟಿಐ ಸೈಕಲ್ಸ್ ಹುಟ್ಟಿದ್ದು 1949ರಲ್ಲಿ, ಹರ್ಕ್ಯುಲಸ್ ಹೊರಬಿದ್ದದ್ದು 1951ರಲ್ಲಿ. ಅದೇ ಕಂಪನಿಯ ಫಿಲಿಪ್ಸ್ 1959ರಲ್ಲಿ, ಬಿಎಸ್‌ಎ 1964ರಲ್ಲಿ ಬಂದವು. ಹರಿಯಾಣದ ಸೋನಿಪತ್‌ನಲ್ಲಿ ಅಟ್ಲಾಸ್ ಶುರುವಾದದ್ದೂ 1951ರಲ್ಲೇ. ಲುಧಿಯಾನದ ಹೀರೋ 1956ರದು. ಬಂಗಾಳದ ಅಸನ್‌ಸೋಲ್‌ನಲ್ಲಿ ಸೆನ್-ರ್‍ಯಾಲಿ ಕಾರ್ಖಾನೆ ಐವತ್ತರ ದಶಕದ ಆರಂಭದಲ್ಲಿ ಸೈಕಲ್ಲು ಮಾಡತೊಡಗಿತು. ನಮ್ಮ ಮನೆಗಳ ಹೆಚ್ಚಿನ 'ಇಂಗ್ಲೆಂಡಿನ ರ್‍ಯಾಲಿ'ಗಳ ತವರು ಅಸನ್‌ಸೋಲ್ ಆಗಿರುವ ಸಂಭವವೇ ಜಾಸ್ತಿ. ಬಕ ಪಕ್ಷಿ ಎರಡರಲ್ಲೂ ಇದೆ, ಅದನ್ನು ನೋಡಿ ನಿರ್ಧರಿಸಲಾಗದು. ಬ್ಯಾಡ್ಜಿನ ಅಂಚಿನಲ್ಲಿ ನಾಟಿಂಗ್‌ಹ್ಯಾಮ್, ಇಂಗ್ಲೆಂಡ್ ಎಂಬ ಅಕ್ಷರ ಇದೆಯೇ ಎಂದು ಭೂತಗನ್ನಡಿ ಹಿಡಿದು ಓದಬೇಕು. ಅಸನ್‌ಸೋಲಿನದು ಎಂದು ತಿಳಿದ ಕೂಡಲೇ ಮುಖ ಸಣ್ಣ ಮಾಡಿಕೊಳ್ಳುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಆ ಕಾರ್ಖಾನೆ ಈಗ ಇಲ್ಲ. ಅಟ್ಲಾಸ್ ಕೂಡ ತನ್ನ ಕೊನೆಯ ಕಾರ್ಖಾನೆಯನ್ನು 2020ರ ಜೂನ್ 3ರಂದು ನಿಲ್ಲಿಸಿತು, ಅದೂ ವಿಶ್ವ ಸೈಕಲ್ ದಿನದಂದೇ. ಮುಂದೆ ಅಪರೂಪವಾಗುವುದು ಇವುಗಳೇ.

ಇಷ್ಟು ಹೇಳಿದ ಮೇಲೆ ಒಂದು ಸಣ್ಣ ಪರೀಕ್ಷೆ: ಕಡ್ಡಿ ಎಣಿಸಿ. ಬ್ರಿಟಿಷ್ ಪದ್ಧತಿಯ ಭಾರದ ಸೈಕಲ್ಲಿಗೆ ಮುಂದಿನ ಚಕ್ರದಲ್ಲಿ 32, ಹಿಂದಿನದರಲ್ಲಿ 40. ಭಾರ ಹಿಂದೆ ಬೀಳುತ್ತದಲ್ಲ, ಅದಕ್ಕೆ. ಎರಡರಲ್ಲೂ 36 ಇದ್ದರೆ ಚಕ್ರ ಬೇರೆ ಕುಲದ್ದು.

ರಾಡ್ ಬ್ರೇಕಿನ ಹತ್ತಿರ ಬಂದಾಗ ಅಲ್ಯೂಮಿನಿಯಂನ ಮಾತು ಎತ್ತಲೇಬೇಕು. ಹ್ಯಾಂಡಲಿನಿಂದ ಉಕ್ಕಿನ ಸಲಾಕೆಗಳು ಇಳಿದು ರಿಮ್ಮಿನ ಒಳಮೈಗೆ ರಬ್ಬರು ಒತ್ತುವ ಆ ಏರ್ಪಾಡು ಬೇಸಿಗೆಯಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಕ್ರೋಮ್ ಹಾಕಿದ ಉಕ್ಕಿನ ರಿಮ್ಮು ಒದ್ದೆಯಾಯಿತೋ, ರಬ್ಬರು ಜಾರುತ್ತದೆ. ಆಷಾಢದಲ್ಲಿ ಮೂರೂರಿನ ಇಳಿಜಾರಿನಲ್ಲೋ ಗೇರುಸೊಪ್ಪೆಯ ಕಡೆಯ ಏರಿಳಿತದಲ್ಲೋ ಹಳೆ ಸೈಕಲ್ಲು ಬಿಟ್ಟವರಿಗೆ ಗೊತ್ತು, ಬ್ರೇಕ್ ಹಿಡಿದ ಮೇಲೂ ಸೈಕಲ್ಲು ತನ್ನ ಪಾಡಿಗೆ ತಾನು ಹೋಗುತ್ತಿರುತ್ತದೆ, ಕೊನೆಗೆ ಚಪ್ಪಲಿಯೇ ಗತಿ. ಅಲ್ಯೂಮಿನಿಯಂ ರಿಮ್ಮಿನಲ್ಲಿ ಒದ್ದೆಯಾದಾಗಲೂ ಹಿಡಿತ ಎಷ್ಟೋ ವಾಸಿ. ಹಗುರ ಎಂಬ ಕಾರಣಕ್ಕೆ ರೇಸಿನವರು ಇದನ್ನು ಒಪ್ಪಿಕೊಂಡರು. ನಮ್ಮಂಥ ಮಳೆನಾಡಿಗೆ ನಿಜವಾಗಿ ಬೇಕಿದ್ದುದು ಈ ಬ್ರೇಕಿನ ಗುಣ.

ಆ ರಿಮ್ಮಿನ ಬಗ್ಗೆ ಒಂದು ಸ್ವಾರಸ್ಯದ ಕಥೆ ಇದೆ. 1934ರ ಟೂರ್ ಡಿ ಫ್ರಾನ್ಸ್ ಸ್ಪರ್ಧೆಯಲ್ಲಿ ಮರದ ರಿಮ್ಮುಗಳದೇ ಕಾಲ. ಫ್ರಾನ್ಸಿನ ಮಾವಿಕ್ ಕಂಪನಿ ಗುಟ್ಟಾಗಿ ಡ್ಯುರಾಲುಮಿನ್ ರಿಮ್ಮು ಮಾಡಿ, ಯಾರಿಗೂ ತಿಳಿಯದಿರಲೆಂದು ಅದಕ್ಕೆ ಮರದ ಬಣ್ಣ ಬಳಿದು ಆಂತೋನಿನ್ ಮಾನ್ಯನಿಗೆ ಕೊಟ್ಟಿತು. ಆ ವರ್ಷ ಗೆದ್ದವನು ಅವನೇ.

ಇಡೀ ಚೌಕಟ್ಟನ್ನೇ ಅಲ್ಯೂಮಿನಿಯಂನಲ್ಲಿ ಮಾಡುವ ಆಸೆ ಅದಕ್ಕಿಂತ ಹಳೆಯದು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 1890ರ ದಶಕದಲ್ಲೇ ಎರಕ ಹೊಯ್ದ ಅಲ್ಯೂಮಿನಿಯಂ ಸೈಕಲ್ಲು ಮಾರಾಟಕ್ಕಿತ್ತು. ಅಡ್ಡಿ ಇದ್ದುದು ಲೋಹದ ಸ್ವಭಾವದಲ್ಲಿ. ಅಲ್ಯೂಮಿನಿಯಂ ಉಕ್ಕಿನ ಮೂರನೇ ಒಂದು ಭಾಗದಷ್ಟೇ ತೂಗುತ್ತದೆ, ಆದರೆ ಬಿಗಿಯೂ ಮೂರನೇ ಒಂದು ಭಾಗವೇ. ಉಕ್ಕಿನಷ್ಟೇ ಸಪೂರ ಕೊಳವೆ ಬಳಸಿದರೆ ಸೈಕಲ್ಲು ಹಗುರವಾಗುತ್ತದೆ, ಜೊತೆಗೆ ತುಳಿದಾಗ ಬಳುಕುತ್ತದೆ. ಕೊಳವೆಯನ್ನು ದಪ್ಪ ಮಾಡಿದರೆ ಬಿಗಿ ಬಹುಬೇಗ ಏರುತ್ತದೆ. ಗೋಡೆಯ ದಪ್ಪ ಅಷ್ಟೇ ಇಟ್ಟು ವ್ಯಾಸ ಎರಡು ಪಟ್ಟು ಮಾಡಿದರೆ ಬಿಗಿ ಸುಮಾರು ಎಂಟು ಪಟ್ಟು. ಹಳೆಯ ಅಲ್ಯೂಮಿನಿಯಂ ರೇಸ್ ಸೈಕಲ್ಲುಗಳ ಎರಡು ಕುಲ ಹುಟ್ಟಿದ್ದು ಇಲ್ಲಿಂದಲೇ, ಮತ್ತು ಅವನ್ನು ಮಾರು ದೂರದಿಂದ ಗುರುತಿಸಬಹುದಾದದ್ದೂ ಇದರಿಂದಲೇ.

ಒಂದು ಕುಲ ಯುರೋಪಿನದು. ಇಟಲಿಯ ಆಲನ್ 1970ರ ದಶಕದ ಆರಂಭದಲ್ಲಿ ಬಂತು, ಫ್ರಾನ್ಸಿನ ವೀಟಸ್ 979 ಆ ದಶಕದ ಕೊನೆಗೆ. ಎರಡರ ಕೊಳವೆಗಳೂ ಉಕ್ಕಿನ ಸೈಕಲ್ಲಿನಂತೆಯೇ ಸಪೂರ. ಮೂಲೆಗಳಲ್ಲಿ ವೆಲ್ಡಿಂಗ್ ಇಲ್ಲ, ಎರಕದ ಕೂಡುಭಾಗಗಳಿಗೆ ಕೊಳವೆಯನ್ನು ಅಂಟಿನಿಂದ ಕೂರಿಸಿರುತ್ತಾರೆ. ಆಲನ್‌ನಲ್ಲಿ ಅಂಟಿನ ಜೊತೆಗೆ ತಿರುಪೂ ಇದೆ. ಅಂಟಿನಿಂದ ಕೂಡಿಸಿದ ಸೈಕಲ್ಲೇ ಎಂದು ನಗಬೇಡಿ. ಐರ್ಲೆಂಡಿನ ಸೀನ್ ಕೆಲ್ಲಿ ಎಂಬತ್ತರ ದಶಕದಲ್ಲಿ ತನ್ನ ದೊಡ್ಡ ಗೆಲುವುಗಳನ್ನು ಪಡೆದದ್ದು ವೀಟಸ್ ಮೇಲೆ. ಇನ್ನೊಂದು ಕುಲ ಅಮೆರಿಕದ್ದು. ಎಂಐಟಿಯಲ್ಲಿ ಓದಿದ ಗ್ಯಾರಿ ಕ್ಲೈನ್ ಎಪ್ಪತ್ತರ ದಶಕದಲ್ಲಿ ದಪ್ಪ ಕೊಳವೆಯ ದಾರಿ ಹಿಡಿದ. 1983ರಲ್ಲಿ ಕ್ಯಾನನ್‌ಡೇಲ್ ಕಂಪನಿ ತನ್ನ ಮೊದಲ ಸೈಕಲ್ಲನ್ನು ಅದೇ ರೀತಿಯಲ್ಲಿ ತಂದಿತು. ಕೆಳಗಿನ ಕೊಳವೆ ಕೈಗೆ ಹಿಡಿಯಲಾರದಷ್ಟು ದಪ್ಪ. ಬೇರೆ ಹೆಚ್ಚಿನ ಅಲ್ಯೂಮಿನಿಯಂ ಸೈಕಲ್ಲುಗಳಲ್ಲಿ ಮೂಲೆಯ ವೆಲ್ಡಿಂಗ್ ಏಣು ಏಣಾಗಿ ಕಾಣುತ್ತದೆ, ಆ ಕಾಲದ ಕ್ಯಾನನ್‌ಡೇಲ್‌ನಲ್ಲಿ ಅದನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡಿರುತ್ತಾರೆ. ಇಂಥ ಚೌಕಟ್ಟುಗಳ ಆಳ್ವಿಕೆ ತೊಂಬತ್ತರ ದಶಕದ ಕೊನೆಯವರೆಗೂ ನಡೆಯಿತು. 1998ರಲ್ಲಿ ಟೂರ್ ಗೆದ್ದ ಮಾರ್ಕೊ ಪಂತಾನಿಯ ಬಿಯಾಂಕಿ ಸೈಕಲ್ಲು ಅಲ್ಯೂಮಿನಿಯಂನದೇ. ಮರುವರ್ಷದಿಂದ ಕಾರ್ಬನ್.

ಇವು ನಮ್ಮ ತಾಲೂಕುಗಳ ಪೇಟೆಯಲ್ಲಿ ಮಾರಾಟವಾದ ಸೈಕಲ್ಲುಗಳಲ್ಲ. ಯಾರೋ ಹೊರಗಿನಿಂದ ತಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಕೊಳ್ಳುವವರು ಮೊದಲು ಜೇಬಿನಲ್ಲೊಂದು ಅಯಸ್ಕಾಂತ ಇಟ್ಟುಕೊಳ್ಳಬೇಕು. ಚೌಕಟ್ಟಿಗೆ ಅಂಟಿತೋ, ಅದು ಉಕ್ಕು. ಬೆಳ್ಳಿ ಬಣ್ಣಕ್ಕೆ ಮರುಳಾಗಬಾರದು. ಆಮೇಲೆ ಬಿಡಿಭಾಗ. ಇಟಲಿಯ ಕಂಪನ್ಯೋಲೊ ತನ್ನ ನುವೊವೊ ರೆಕಾರ್ಡ್ ಹಿಂಗೇರಿನ ಮೇಲೆ ಪೇಟೆಂಟ್ ಎಂಬ ಪದದ ಜೊತೆ ಎರಡಂಕಿಯ ವರ್ಷವನ್ನು ಎರಕದಲ್ಲೇ ಬರೆಯುತ್ತಿತ್ತು. 72 ಎಂದಿದ್ದರೆ 1972. ಜಪಾನಿನ ಶಿಮಾನೊದ್ದು ಎರಡು ಇಂಗ್ಲಿಷ್ ಅಕ್ಷರಗಳ ಗುಟ್ಟು. ಮೊದಲ ಅಕ್ಷರ ವರ್ಷ, 1976ಕ್ಕೆ ಎ, ಮುಂದಿನ ವರ್ಷಕ್ಕೆ ಬಿ, ಹೀಗೆ. ಎರಡನೆಯದು ತಿಂಗಳು. ಐ ಮತ್ತು ಎಫ್ ಒಟ್ಟಿಗೆ ಕಂಡರೆ 1984ರ ಜೂನ್. ಪೆಡಲಿನ ಕೈಯ ಒಳಮಗ್ಗುಲಲ್ಲೋ ಬ್ರೇಕಿನ ಬೆನ್ನಲ್ಲೋ ಸಣ್ಣದಾಗಿ ಒತ್ತಿರುತ್ತಾರೆ, ಟಾರ್ಚು ಬೇಕು. ಗೇರು, ಬ್ರೇಕು, ಹಬ್ ಎಲ್ಲದರ ತಾರೀಕೂ ಒಂದೇ ವರ್ಷದ ಒಳಗೆ ಬಂದರೆ ಆ ಸೈಕಲ್ಲು ಅಂಗಡಿಯಿಂದ ಹೊರಟಾಗ ಹೇಗಿತ್ತೋ ಹಾಗೆಯೇ ಇದೆ ಎಂದು ತಿಳಿಯಬಹುದು.

ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ, ಕರಾವಳಿಗೆ ಇದೇ ಸರಿ ಎಂದು ಹೇಳುವವರು ಅರ್ಧ ಮಾತ್ರ ಸತ್ಯ ಹೇಳುತ್ತಾರೆ. ಗಾಳಿ ತಾಗಿದ ಕ್ಷಣವೇ ಅದರ ಮೈಮೇಲೆ ತೆಳ್ಳನೆಯ ಆಕ್ಸೈಡ್ ಪದರ ಕಟ್ಟಿ ಒಳಗಿನದನ್ನು ಕಾಯುತ್ತದೆ ನಿಜ. ಉಪ್ಪು ಆ ಪದರವನ್ನು ಅಲ್ಲಲ್ಲಿ ಚುಚ್ಚುತ್ತದೆ. ಉಕ್ಕು ಪಕ್ಕದಲ್ಲಿದ್ದರಂತೂ ಮುಗಿಯಿತು: ಎರಡು ಲೋಹ, ನಡುವೆ ಉಪ್ಪುನೀರು, ಅಲ್ಲಿಗೆ ಅದೊಂದು ಬ್ಯಾಟರಿ. ಆ ಬ್ಯಾಟರಿಯಲ್ಲಿ ಕರಗುವುದು ಅಲ್ಯೂಮಿನಿಯಂ. ಉಕ್ಕಿನ ತಿರುಪಿನ ಸುತ್ತ ಬಿಳಿ ಹಿಟ್ಟು ಉದುರುತ್ತಿದ್ದರೆ, ಬಣ್ಣದ ಕೆಳಗೆ ಹುಳು ಹರಿದಂಥ ಗೆರೆಗಳಿದ್ದರೆ ಇದೇ ಕಾರಣ. ಕೆಂಪು ತುಕ್ಕು ಕೂಗಿ ಹೇಳುತ್ತದೆ, ಈ ಬಿಳಿಯದು ಸದ್ದಿಲ್ಲದೆ ಕೆಲಸ ಮುಗಿಸುತ್ತದೆ.

ಹೆಚ್ಚು ಜನ ಸಿಕ್ಕಿಬೀಳುವುದು ಸೀಟಿನ ಕೊಳವೆಯಲ್ಲಿ. ಉಕ್ಕಿನ ಚೌಕಟ್ಟು, ಅದರೊಳಗೆ ಅಲ್ಯೂಮಿನಿಯಂ ಸೀಟ್ ಪಿಲ್ಲರ್. ಎರಡು ಮಳೆಗಾಲ ಅಲುಗಿಸದೆ ಬಿಟ್ಟರೆ ನಡುವೆ ಹುಟ್ಟಿದ ಹಿಟ್ಟು ಉಬ್ಬಿ ಎರಡನ್ನೂ ಒಂದೇ ಮಾಡುತ್ತದೆ. ಆಗ ಹೆಚ್ಚಿನವರಿಗೆ ಹೊಳೆಯುವ ಉಪಾಯ ಬೆಂಕಿ, ಕಾಯಿಸಿದರೆ ಬಿಡುತ್ತದೆ ಎಂದು. ಇಲ್ಲಿ ಅದು ತಿರುಗುಬಾಣ. ಕಾಯಿಸಿದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಒಳಗಿರುವುದೇ ಹೆಚ್ಚು ಹಿಗ್ಗಿದರೆ ಹಿಡಿತ ಇನ್ನೂ ಬಿಗಿಯಾಗುತ್ತದೆ. ಮಾಡಬೇಕಾದದ್ದು ತಣಿಸುವುದು. ಸಂದಿಗೆ ತೆಳು ಎಣ್ಣೆ ಬಿಟ್ಟು ಒಂದು ರಾತ್ರಿ ಕಾದು, ಬೆಳಿಗ್ಗೆ ಪಿಲ್ಲರಿಗೆ ಮಂಜುಗಡ್ಡೆ ಕಟ್ಟಿ ಚೆನ್ನಾಗಿ ತಣಿದ ಮೇಲೆ ತಿರುಚಬೇಕು. ಮೀನುಗಾರಿಕೆ ಬಂದರಿರುವ ಊರುಗಳಲ್ಲಿ ಮಂಜುಗಡ್ಡೆಗೆ ಬರವೇ? ಬಿಟ್ಟುಬಂದ ಮೇಲೆ ಗ್ರೀಸು ಹಚ್ಚಿ ಕೂರಿಸಿ, ಮುಂದೆ ಮಳೆಗಾಲದ ಮೊದಲೊಮ್ಮೆ ನಂತರವೊಮ್ಮೆ ಹೊರತೆಗೆದು ಒರೆಸಿಟ್ಟರೆ ಆ ಗೋಳಿಲ್ಲ. ತೆಂಗಿನೆಣ್ಣೆ ಮಾತ್ರ ಬೇಡ. ಕೆಲವು ದಿನಗಳಲ್ಲೇ ಅದು ಧೂಳು ಹಿಡಿದು ಅಂಟಾಗುತ್ತದೆ.

ಹಳೆಯ ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಇನ್ನೊಂದು ಎಚ್ಚರ ಬೇಕು. ಉಕ್ಕು ಒಂದು ಮಿತಿಯ ಒಳಗಿನ ಕುಲುಕಾಟವನ್ನು ಎಷ್ಟು ವರ್ಷ ಬೇಕಾದರೂ ತಾಳುತ್ತದೆ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ, ಪ್ರತಿ ಗುಂಡಿಯ ಏಟೂ ಅದರ ಲೆಕ್ಕಕ್ಕೆ ಜಮೆಯಾಗುತ್ತದೆ. ಹೆದ್ದಾರಿ 66ರ ಕಾಮಗಾರಿ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪೆಡಲಿನ ಗುಂಭದ ಹತ್ತಿರ, ಹ್ಯಾಂಡಲಿನ ಕೆಳಗೆ, ಹಿಂದಿನ ಆಕ್ಸೆಲ್ ಕೂರುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಅದು ಗೋಡೆಗೆ ತೂಗಿಡುವ ಸೈಕಲ್ಲು, ಓಡಿಸುವುದಲ್ಲ. ತಾಲೂಕಿನ ವೆಲ್ಡಿಂಗ್ ಅಂಗಡಿಯಲ್ಲಿ ಅದನ್ನು ಸರಿ ಮಾಡಿಸುತ್ತೇನೆ ಎಂದು ಹೊರಡಬೇಡಿ. ಕಾರ್ಖಾನೆಯಲ್ಲಿ ಕೊಟ್ಟ ಶಾಖದ ಹದ ಒಮ್ಮೆ ಹೋದರೆ ಹೋಯಿತು.

ದುರಸ್ತಿಯ ಮಾತು ಬಂದದ್ದರಿಂದ ಹೇಳುತ್ತೇನೆ. ಹಳೆ ಸೈಕಲ್ಲು ಸಿಕ್ಕ ಕೂಡಲೇ ಬಣ್ಣ ಕೆರೆಸಿ, ಪೌಡರ್ ಕೋಟಿಂಗ್ ಮಾಡಿಸಿ, ಕಂಡದ್ದಕ್ಕೆಲ್ಲ ಕ್ರೋಮ್ ಹಾಕಿಸುವ ಒಂದು ರೂಢಿ ಬಂದಿದೆ. ಫೋಟೋಕ್ಕೆ ಚೆಂದ. ಆದರೆ ಗಂಟೆ ಬಾಡಿಗೆಗೆ ಹೋಗುತ್ತಿದ್ದ ಸೈಕಲ್ಲಿನ ಹಿಂದಿನ ಮಡ್‌ಗಾರ್ಡಿನ ಮೇಲೆ ಅಂಗಡಿಯವನು ಬರೆಸಿದ ನಂಬರು, ಪುರಸಭೆಗೆ ತೆರಿಗೆ ಕಟ್ಟಿದ್ದಕ್ಕೆ ಕೊಟ್ಟ ಬಿಲ್ಲೆಯ ತೂತು, ಒಳಪೆಡಲ್ ಹೊಡೆದು ಕಲಿತ ಮಕ್ಕಳ ತೊಡೆ ಉಜ್ಜಿ ಬಣ್ಣ ಸವೆದ ಅಡ್ಡ ಕೊಳವೆ, ಹೊಸ ಬಣ್ಣದ ಕೆಳಗೆ ಇದೆಲ್ಲ ಹೋಗುತ್ತದೆ. ಅಸನ್‌ಸೋಲಿನ ಚೌಕಟ್ಟಿಗೆ ಲುಧಿಯಾನದ ರಿಮ್ಮು, ಅದಕ್ಕೆ ಕುಮಟಾ ಪೇಟೆಯಲ್ಲಿ ಹೊಲಿಸಿದ ಸೀಟಿನ ಗವಸು ಹಾಕಿರುವ ಸೈಕಲ್ಲು ನನ್ನ ಲೆಕ್ಕದಲ್ಲಿ ಹೊಳೆಯುವ ಹಂಬರಿಗಿಂತ ಮೇಲು. ಪುಣೆಯ ವಿಕ್ರಮ್ ಪೆಂಡ್ಸೆ ಸೈಕಲ್ ಮ್ಯೂಸಿಯಂನಂಥ ಸಂಗ್ರಹದಲ್ಲಿ ಹಂಬರ್ ನೋಡಲು ಸಿಗಬಹುದು. ಈ ಬೆರಕೆ ಇಲ್ಲಿ ಮಾತ್ರ ಸಿಗುತ್ತದೆ.

ಓಡಿಸುವ ಉದ್ದೇಶವಿದ್ದರೆ ತೂಕ, ಹೆಸರು, ವರ್ಷ ಎಲ್ಲ ಬದಿಗಿಟ್ಟು ಟಯರಿನ ಅಳತೆ ನೋಡಿ. ವೀಟಸ್‌ನ ಸಪೂರ ಟಯರಿಗೂ ಅದರ ತೆಳು ವಾಲ್ವಿನ ಟ್ಯೂಬಿಗೂ ಬೆಂಗಳೂರಿನ ದಾರಿ ಕಾಯಬೇಕು. 28 ಇಂಚು, ಒಂದೂವರೆ ಇಂಚಿನ ಟಯರು, ಟ್ಯೂಬು, ಕಾಟರ್ ಪಿನ್ನು, ಬ್ರೇಕಿನ ರಬ್ಬರು ತಾಲೂಕಿನ ಸೈಕಲ್ ಅಂಗಡಿಯಲ್ಲೇ ಸಿಗುತ್ತವೆ. ಕಾಟರ್ ಪಿನ್ ಹಾಕಿಸುವಾಗ ಎರಡೂ ಒಂದೇ ದಿಕ್ಕಿನಿಂದ ಹೊಡೆದಿಲ್ಲ ತಾನೇ ಎಂದು ನಿಂತು ನೋಡಿ, ಇಲ್ಲದಿದ್ದರೆ ಪೆಡಲುಗಳು ಓರೆಯಾಗಿ ಕೂರುತ್ತವೆ. ಬರುವಾಗ ವಾಲ್ ಟ್ಯೂಬ್ ನಾಲ್ಕು ತುಂಡು ಹೆಚ್ಚೇ ತನ್ನಿ. ಇಲ್ಲಿನ ಸೆಕೆಗೆ ಆ ರಬ್ಬರು ಬೇಗ ಮೆತ್ತಗಾಗಿ ಅಂಟಿಕೊಳ್ಳುತ್ತದೆ, ರಾತ್ರಿ ತುಂಬಿದ ಗಾಳಿ ಬೆಳಿಗ್ಗೆ ಇರುವುದಿಲ್ಲ.